ಕೆರೆಗೆ ಬಿಟ್ಟ ಮರಿಗೆ ಹೆತ್ತವರು ಯಾರು?

ಬಂಗಾರಪೇಟೆ, ಬೇತಮಂಗಲದ ಕಡೆ ಕೆರೆಗೆ ನೀರು ಬಂತೆಂದರೆ ಮೀನುಮರಿ ಬಿಡುವ ಮಾತು ಶುರು. ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರದ ನದಿಗಳವು; ನಿಂತ ನೀರಲ್ಲಿ ಬೆಳೆಯುತ್ತವೆ, ಸಾಮಾನ್ಯವಾಗಿ ಮರಿಮಾಡುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ತರಬೇಕು. ಎಷ್ಟು ಸಾವಿರ ಬಿಟ್ಟೆವು, ಎಷ್ಟು ಕಿಲೋ ಎತ್ತಿದೆವು ಎಂಬ ಲೆಕ್ಕ ಎಲ್ಲರಿಗೂ ಬೇಕು. ಮರಿಯ ವಂಶ ಯಾರಿಗೂ ಬೇಡ. ಈ ಬಿತ್ತನೆ ಪದ್ಧತಿ ಸೋತಿರುವುದು ಇಲ್ಲಿಯೇ.

ಹವಳದ ದಿಬ್ಬದ ಮೀನುಗಳನ್ನು ಅಭ್ಯಸಿಸುವವರು ಕೇಳುವುದೇ ಈ ವಂಶದ ಪ್ರಶ್ನೆ. ಅಲ್ಲಿ ಮರಿಗಳು ಕೆಲವು ದಿನವೋ ವಾರವೋ ಸಮುದ್ರದ ಸೆಳವಿನಲ್ಲಿ ತೇಲುತ್ತವೆ. ಎರಡು ದಿಬ್ಬಗಳ ನಡುವೆ ಈ ಓಡಾಟ ನಿಂತರೆ ತಲೆಮಾರು ಕಳೆದಂತೆ ಅವುಗಳ ವಂಶವಾಹಿಗಳು ಬೇರೆಯಾಗುತ್ತವೆ. ಕೋಲಾರದಲ್ಲೂ ಅಂಥ ನೀರದಾರಿ ಇದೆ, ಪಾಲಾರ್ ಪಾತ್ರದ ಸರಣಿ ಕೆರೆಗಳು. ಚಿನ್ನದ ಗಣಿಯ ಊರಿಗೆ ನೀರುಣಿಸಿದ ಬೇತಮಂಗಲದ ಕೆರೆಯೂ ಅದರದೇ ಕೊಂಡಿ. ಕೋಡಿ ಬಿದ್ದರೆ ನಾಟಿ ಗೆಂಡೆ, ಕೊರವ ಮೀನುಗಳಿಗೆ ನೆಂಟರ ಮನೆ ಬಾಗಿಲು ತೆರೆದಂತೆ. ಕಾಟ್ಲಾಗೆ ಆ ಭಾಗ್ಯವಿಲ್ಲ. ಅದರ ವಂಶ ತೀರ್ಮಾನವಾಗುವುದು ಮರಿ ಉತ್ಪಾದನಾ ಕೇಂದ್ರದ ತೊಟ್ಟಿಯಲ್ಲಿ.

1957ರಲ್ಲಿ ಮೀನುವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರದ ಚುಚ್ಚುಮದ್ದು ಕೊಟ್ಟು ಈ ಗುಂಪಿನ ಮೀನುಗಳಿಂದ ಮೊಟ್ಟೆ ಇಡಿಸಿದರು. ನಮ್ಮ ಕೆರೆಗಳಿಗೆ ಮರಿ ಸಿಗುವಂತಾದದ್ದು ಆ ಸಾಧನೆಯಿಂದ. ಆದರೆ ಒಂದೇ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಕೊಡುವಾಗ ಹತ್ತಾರು ಜೋಡಿ ಸಾಕುವ ಖರ್ಚು ಯಾರಿಗೆ ಬೇಕು? ಇದ್ದ ಮರಿಯನ್ನೇ ಬೆಳೆಸಿ ಮುಂದಿನ ತಾಯ್ತಂದೆ ಮಾಡಿಕೊಂಡರಾಯಿತು! ಕರ್ನಾಟಕದ ಕೇಂದ್ರಗಳನ್ನೇ ನೋಡಿ ಸಂಶೋಧಕರಾದ ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ಒಳಸಂಬಂಧ, ಅಂದರೆ ರಕ್ತಸಂಬಂಧಿಗಳೇ ಕೂಡುವುದರ ಪ್ರಮಾಣ, ತಲೆಮಾರೊಂದಕ್ಕೆ ಶೇ 2ರಿಂದ 17ರಷ್ಟು ಏರುತ್ತಿತ್ತು. ಮಲ ಅಣ್ಣ-ತಂಗಿಯರಂಥ ಮೀನುಗಳನ್ನು ಕೂಡಿಸಿದರೆ ಹುಟ್ಟುವ ಮರಿಯಲ್ಲಿ ಅದು ಶೇ 12.5. ಆ 17 ಅದನ್ನೂ ಮೀರಿದ್ದು.

ಬೇರೆ ದಾರಿ ಇಲ್ಲದೇನಿಲ್ಲ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 1992ರಲ್ಲಿ ಶುರುಮಾಡಿದ ಕೆಲಸದಲ್ಲಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಗಳ ರೋಹುಗಳನ್ನು ಬೆರೆಸಿ, ಆಯ್ದು 'ಜಯಂತಿ' ತಳಿ ಮಾಡಿತು. ಬೇಗ ಬೆಳೆಯುತ್ತದೆಂದು ಎಲ್ಲರೂ ಹೊಗಳುತ್ತಾರೆ, ಹಿಂದಿನ ಐದು ನದಿಗಳನ್ನು ನೆನೆಯುವವರು ಕಡಿಮೆ. ಅದನ್ನೂ ನಾಲ್ಕೇ ಜೋಡಿಯಿಂದ ಮರಿಮಾಡಿದರೆ ಹಳೆಯ ಕಥೆಯೇ.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಬಂದು ಕೋಲಾರ ಜಿಲ್ಲೆಯ ಎಷ್ಟೋ ಒಣಗಿದ ಕೆರೆಗಳು ತುಂಬಿವೆ. ಇನ್ನು ಮರಿ ಕೊಳ್ಳುವ ಕೆರೆ ಗುತ್ತಿಗೆದಾರರು ರಸೀದಿಯಲ್ಲಿ ಸಂಖ್ಯೆಯ ಪಕ್ಕ ಇನ್ನೆರಡು ವಿವರ ಕೇಳಲಿ, ಎಷ್ಟು ಜೋಡಿಯ ಮರಿ, ಆ ಜೋಡಿಗಳು ಎಲ್ಲಿಂದ ಬಂದವು.