'ನಾಯಿ ನೆರಳು': ಪುನರ್ಜನ್ಮದ ಕಥನ ಮತ್ತು ಹೆಣ್ಣಿನ ಆಯ್ಕೆ

ಪರಸ್ಪರ ಪರಿಚಯವೇ ಇಲ್ಲದ, ದೂರದ ಊರುಗಳ ಇಬ್ಬರ ಬದುಕು ನಿಗೂಢವಾಗಿ ಬೆಸೆದುಕೊಂಡಿರುವ ವಸ್ತುವನ್ನು ಜಗತ್ತಿನ ಸಿನಿಮಾ ಹಲವು ಬಗೆಗಳಲ್ಲಿ ನಿರ್ವಹಿಸಿದೆ. ಪೋಲೆಂಡಿನ ನಿರ್ದೇಶಕ ಕಿಸ್ಲೋವ್‌ಸ್ಕಿಯ 'ದಿ ಡಬಲ್ ಲೈಫ್ ಆಫ್ ವೆರೋನಿಕ್' (1991) ಇದಕ್ಕೆ ಪ್ರಸಿದ್ಧ ನಿದರ್ಶನ. ಪೋಲೆಂಡಿನ ಗಾಯಕಿಯೊಬ್ಬಳು ಹಾಡುತ್ತಿರುವಾಗಲೇ ಕುಸಿದು ಸಾಯುತ್ತಾಳೆ. ಅವಳನ್ನು ಅರಿಯದ ಫ್ರಾನ್ಸಿನ ವೆರೋನಿಕ್ ಕಾರಣ ತಿಳಿಯದ ದುಃಖಕ್ಕೆ ಒಳಗಾಗಿ ಗಾಯನವನ್ನೇ ತೊರೆಯುತ್ತಾಳೆ. ಅಲ್ಲಿ ಸಂಬಂಧವೆಂಬುದು ಅಂತರಂಗದ ಅನುಭವ. ಅದಕ್ಕೆ ಸಮಾಜದ ಒಪ್ಪಿಗೆ ಬೇಕಿಲ್ಲ.

ಕನ್ನಡದಲ್ಲಿ ಇಂತಹುದೇ ವಸ್ತು ತೀರ ಭಿನ್ನ ನೆಲೆಯಲ್ಲಿ ಕಾಣಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರ 'ನಾಯಿ ನೆರಳು' (2006) ಚಿತ್ರದಲ್ಲಿ. ಎಸ್.ಎಲ್. ಭೈರಪ್ಪನವರ 1968ರ ಕಾದಂಬರಿ ಇದರ ಆಧಾರ. ಅಚ್ಚಣ್ಣಯ್ಯನವರ ಮಗ ವಿಶ್ವ ತೀರಿಕೊಂಡು ವರ್ಷಗಳೇ ಕಳೆದಿವೆ. ದೂರದ ಊರಿನ ತರುಣನೊಬ್ಬ ತಾನೇ ವಿಶ್ವನೆಂದು ಹೇಳಿಕೊಳ್ಳುತ್ತಿದ್ದಾನೆಂಬ ಸುದ್ದಿ ಬರುತ್ತದೆ. ತಾಯಿಯ ಹಂಬಲಕ್ಕೆ ಮಣಿದು ಅವನನ್ನು ಮನೆಗೆ ಕರೆತರಲಾಗುತ್ತದೆ. ಆದರೆ ಆ ಮನೆಯಲ್ಲಿ ವಿಶ್ವನ ವಿಧವೆ ವೆಂಕು ಇದ್ದಾಳೆ. ಬಂದವನು ಅವಳ ಮಗಳ ಓರಗೆಯವನು.

ಕಾದಂಬರಿಯು ಪುನರ್ಜನ್ಮದ ತಾತ್ತ್ವಿಕ ಜಿಜ್ಞಾಸೆಗೆ ಒತ್ತು ಕೊಟ್ಟರೆ, ಚಿತ್ರವು ಆ ಪ್ರಶ್ನೆಯನ್ನು ಬದಿಗಿರಿಸಿ ತಾಯಿ, ಹೆಂಡತಿ, ಮಗಳು ಎಂಬ ಮೂರು ತಲೆಮಾರಿನ ಹೆಣ್ಣುಗಳತ್ತ ಹೊರಳುತ್ತದೆ. ತಾಯಿಗೆ ಆ ತರುಣ ಕಳೆದುಹೋದ ಮಗ. ಓದಿದ ಮಗಳಿಗೆ ಅವನು ವಂಚಕ. ವೆಂಕುವಿನ ಸ್ಥಿತಿ ಇಷ್ಟು ಸರಳವಲ್ಲ. ಮೊದಲು ನಿರಾಕರಿಸಿದವಳು ಮುಂದೆ ಅವನನ್ನು ಒಪ್ಪುತ್ತಾಳೆ. ಈ ಒಪ್ಪಿಗೆಯನ್ನು ನಂಬಿಕೆಯ ಫಲವೆನ್ನುವುದಕ್ಕಿಂತ ಬದುಕಿನ ಬಯಕೆಯ ಫಲವೆನ್ನುವುದು ಹೆಚ್ಚು ಯುಕ್ತ. ಅವಳಿಗೆ ಎಲ್ಲವನ್ನೂ ನಿಷೇಧಿಸಿದ ಸಂಪ್ರದಾಯವೇ ಪುನರ್ಜನ್ಮದ ನೆಪದಲ್ಲಿ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅವಳು ಅದರ ಮೂಲಕ ಹೊರನಡೆಯುತ್ತಾಳೆ. ಪವಿತ್ರಾ ಲೋಕೇಶ್ ಅವರ ಸಂಯಮದ ಅಭಿನಯ ಈ ಇಬ್ಬಗೆಯನ್ನು ಮಾತಿಲ್ಲದೆಯೇ ಕಾಣಿಸುತ್ತದೆ.

ಈ ಹಿನ್ನೆಲೆಯಲ್ಲಿ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ನೆನಪಾಗುವುದು ಸಹಜ. ಅಲ್ಲಿ ಬದುಕಿರುವ ವಿಧವೆಯನ್ನು ಸತ್ತವಳೆಂದು ಘೋಷಿಸಲಾಗುತ್ತದೆ. ಇಲ್ಲಿ ಸತ್ತ ಗಂಡಸನ್ನು ಬದುಕಿರುವನೆಂದು ಒಪ್ಪಲಾಗುತ್ತದೆ. ಎರಡೂ ತೀರ್ಮಾನಗಳ ಬೆಲೆ ತೆರುವವಳು ಹೆಣ್ಣೇ. ಮಗನನ್ನು ಮರಳಿ ಪಡೆಯಲು ಹಂಬಲಿಸಿದ ಸಮಾಜ, ಸೊಸೆ ಗಂಡನನ್ನು ಮರಳಿ ಪಡೆದಾಗ ಮಾತ್ರ ಮುಖ ತಿರುಗಿಸುತ್ತದೆ.

ಆ ತರುಣನ ಅಂತರಂಗ ಚಿತ್ರದಲ್ಲಿ ಮಸುಕಾಗಿಯೇ ಉಳಿದಿದೆ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಎರಡು ಮನೆಗಳ ನಡುವೆ ಹರಿದುಹೋದ ಅವನ ಸಂಕಟವೂ ಸಣ್ಣದಲ್ಲ. ಆದರೂ ನಿಗೂಢವನ್ನು ಬಿಡಿಸುವ ಗೋಜಿಗೆ ಹೋಗದೆ, ಅದು ಯಾರ ಬದುಕಿನಲ್ಲಿ ಏನನ್ನು ಸಾಧ್ಯವಾಗಿಸಿತು ಎಂಬುದನ್ನು ಕೇಳಿದ್ದರಲ್ಲಿಯೇ ಈ ಚಿತ್ರದ ಮಹತ್ತ್ವವಿದೆ.