ಸ್ಕಾರ್ಲೆಟ್ ಎಪ್‌ಸ್ಟೈನರ ಕೂಲಿವಿಚಾರ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೂಲಿಯು ಹೇಗೆ ನಿರ್ಣಯವಾಗುವುದೆಂಬುದನ್ನು ಊರೊಳಗೇ ನೆಲಸಿ ಶೋಧಿಸಿದ ಅರ್ಥಶಾಸ್ತ್ರಜ್ಞರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನರು (1922–2014) ಗಣ್ಯರು. ವಿಯೆನ್ನಾ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಉಪದ್ರವದಿಂದ ದೇಶಬಿಟ್ಟು ಇಂಗ್ಲೆಂಡನ್ನು ಸೇರಿ, ಕಾರ್ಖಾನೆಯಲ್ಲಿ ದುಡಿದು, ಬಳಿಕ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿದ ಇವರು 1954ರಿಂದ 1956ರ ವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಸಂಶೋಧನೆ ನಡೆಸಿದರು. ವಲಸೆಯನ್ನೂ ಕೂಲಿಯನ್ನೂ ತಾವೇ ಕಂಡವರ ದೃಷ್ಟಿಯು ಒಕ್ಕಣೆಯ ಕಣದಲ್ಲಿ ಆಳಿನ ಪಾಲಿನ ಕಡೆಗೆ ಹರಿದುದು ಸಹಜವೇ.

1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ನಾಮಗಳಿವೆ. ಕೃಷ್ಣರಾಜಸಾಗರದ ನಾಲೆಯು ವಂಗಲಕ್ಕೆ ನೀರುಣಿಸಿತು. ಎತ್ತರದ ದಲೇನಕ್ಕೆ ನೀರು ಹತ್ತಲಿಲ್ಲ. ನೀರು ಬಂದ ಊರೇ ಹೆಚ್ಚಾಗಿ ಮಾರ್ಪಡಬೇಕೆಂದು ತೋರುವುದಷ್ಟೆ, ಕಂಡುಬಂದುದು ಬೇರೆ. ವಂಗಲದ ಒಕ್ಕಲಿಗರು ಕಬ್ಬು ಬೆಳೆದು ಧನವಂತರಾದರೂ ಬೇಸಾಯವನ್ನು ಬಿಡಲಿಲ್ಲ; ಆದಿಕರ್ನಾಟಕರ ವಂಶಪಾರಂಪರ್ಯದ ಆಳುತನವೂ ವರ್ಷಕ್ಕಿಷ್ಟು ಧಾನ್ಯವೆಂಬ ಕಟ್ಟಳೆಯೂ ಹಾಗೆಯೇ ನಿಂತವು. ದಲೇನದವರಾದರೋ ಮಂಡ್ಯದ ಕೆಲಸಗಳಿಗೂ ಬಾಡಿಗೆಯ ಗಾಡಿ, ಆಲೆ, ಹಿಟ್ಟಿನ ಗಿರಣಿಗಳಿಗೂ ಕೈಹಾಕಿದರು. ಅಲ್ಲಿ ಹಳೆಯ ಕಟ್ಟು ಸಡಿಲವಾಯಿತು.

ಕೂಲಿಯ ಕಟ್ಟಳೆಯನ್ನೇ ವಿವೇಚಿಸುವ 1967ರ ಲೇಖನವು ಹೆಚ್ಚು ವಿಚಾರಾರ್ಹವಾದುದು. ಬೆಳೆಗೆಟ್ಟ ವರ್ಷದಲ್ಲಿ ಒಡೆಯನೂ ಆಳೂ ಸರಿಸುಮಾರು ಸಮನಾಗಿ ಹಂಚಿಕೊಳ್ಳುವರು. ಸುಭಿಕ್ಷದಲ್ಲಿ ಮಿಕ್ಕುದೆಲ್ಲ ಒಡೆಯನದು. ಆದಕಾರಣ ಕಟ್ಟಳೆಯು ಆಳಿಗೆ ರಕ್ಷೆ ಎಂಬುದು ಅದರ ಸಾರ. ಮಳೆಯನ್ನೇ ನಂಬಿದ ಬೇಸಾಯಕ್ಕೆ ಈ ವಾದವು ಒಪ್ಪುವುದು. ಆದರೆ ನಾಲೆ ಬಂದು ಬರದ ಭಯವೇ ತಗ್ಗಿದ ಮೇಲೆ ಆ ರಕ್ಷೆಯಿಂದ ಆಳಿಗೆ ಆದ ಲಾಭವೇನು? ರಕ್ಷೆಯ ಅಗತ್ಯವು ಕುಂದಿದರೂ ಅದಕ್ಕಾಗಿ ಅವನು ತೆರುವ ಬೆಲೆಯು ಕುಂದಲಿಲ್ಲ. ವಂಗಲದ ಮಟ್ಟಿಗೆ ಈ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಎತ್ತಬೇಕಾಗಿತ್ತು. 1970ರಲ್ಲಿ ಮರಳಿ ಬಂದು, ಉಳ್ಳವರಿಗೂ ಬಡವರಿಗೂ ನಡುವಣ ಅಂತರವು ಬೆಳೆದಿದ್ದುದನ್ನು ಕಂಡು, 1973ರ ಗ್ರಂಥದಲ್ಲಿ ಅವರು ಅದನ್ನು ಮರೆಮಾಚದೆ ಬರೆದಿರುವುದು ಶ್ಲಾಘ್ಯವು.

ಇನ್ನೊಂದು ಆಕ್ಷೇಪವುಂಟು. ದಲೇನವು ಏಳಿಗೆಗೊಂಡುದು ಒಣ ಊರಾದುದರಿಂದಲ್ಲ, ನೀರಾವರಿಯ ಊರುಗಳ ನಡುವಣ ಒಣ ಊರಾದುದರಿಂದ. ಸಕ್ಕರೆ ಕಾರ್ಖಾನೆಯ ಪಟ್ಟಣವೂ ಸಮೀಪದಲ್ಲಿತ್ತು. ಚಿತ್ರದುರ್ಗ ಸೀಮೆಗೆ ಈ ತತ್ತ್ವವನ್ನು ಅನ್ವಯಿಸಿದರೆ ಇದು ಸ್ಪಷ್ಟವಾಗುವುದು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣೀವಿಲಾಸಸಾಗರದ ಕೆಳಗೆ ವಂಗಲದಂತಹ ಊರುಗಳನ್ನು ಹುಡುಕಬಹುದು. ಜೋಗಿಮಟ್ಟಿಯ ಸುತ್ತಣ ಮಳೆಯಾಶ್ರಯದ ಹಳ್ಳಿಗಳಿಗಾದರೋ ಮಗ್ಗುಲಲ್ಲಿ ಮಂಡ್ಯವಿಲ್ಲ. ಅಂತಹ ಕಡೆಯಿಂದ ಹೊರಟವನು ಸಂಜೆಗೆ ಮನೆ ಸೇರುವುದಿಲ್ಲ. ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿಗೋ ಹೋಗಿ ತಿಂಗಳುಗಟ್ಟಲೆ ಅಲ್ಲಿಯೇ ಉಳಿಯುವನು. ಊರಿನ ಕಟ್ಟಿನಿಂದ ಬಿಡುಗಡೆಯಾದರೂ ಮುಂಗಡದ ಸಾಲಕ್ಕೂ ಮೇಸ್ತ್ರಿಗೂ ಕಟ್ಟುಬೀಳುವ ಸಂಭವವುಂಟು. ಇದನ್ನು ಅಳೆಯುವುದಕ್ಕೆ ಎರಡು ಊರುಗಳ ಹೋಲಿಕೆ ಸಾಲದು. ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಇವರೊಡನೆ ರಚಿಸಿದ 1998ರ ಗ್ರಂಥವು ನಲವತ್ತು ವರ್ಷಗಳ ಮಾರ್ಪಾಟನ್ನು ಹೇಳುವುದಾದರೂ, ಅದರ ಆಧಾರವೂ ಆ ಎರಡು ಊರುಗಳೇ.