ಹಾಡಿಕೆಗೆ ಹೊಂದುವ ಕೀಲಿಗಳು

ಬಾಗಲಕೋಟೆ ಸೀಮೆಯ ಹಾಡಿಕೆಯನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳುವವರಿಗೆ ಒಳ್ಳೆಯ ಮೈಕಿನಷ್ಟೇ ಅಗತ್ಯವಾದದ್ದು ಆ ಹಾಡಿಕೆಯ ಸ್ವಭಾವಕ್ಕೆ ತಕ್ಕಂತೆ ಜೋಡಿಸಿಕೊಂಡ ಶಾರ್ಟ್‌ಕಟ್ ಕೀಲಿಗಳು. ಮೆನುವಿನಲ್ಲಿ ಮೌಸ್ ಆಡಿಸಿ ಹುಡುಕಬೇಕಾದ ಆಜ್ಞೆಯನ್ನು ಕೀಲಿಮಣೆಯ ಒಂದೆರಡು ಕೀಲಿಗಳನ್ನು ಒತ್ತಿಯೇ ಕೊಡುವ ವ್ಯವಸ್ಥೆಗೆ ಶಾರ್ಟ್‌ಕಟ್ ಎನ್ನುತ್ತಾರೆ. ಧ್ವನಿಮುದ್ರಣ ತಂತ್ರಾಂಶಗಳು ತಮ್ಮದೇ ಜೋಡಣೆಯೊಂದಿಗೆ ಬರುತ್ತವೆಯಾದರೂ, ರೀಪರ್, ಕ್ಯೂಬೇಸ್, ಆಡಾಸಿಟಿ ಮುಂತಾದವುಗಳಲ್ಲಿ ಅದನ್ನು ಬದಲಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯ ಬಳಸುವವರಿಗಿದೆ. ಈ ಸ್ವಾತಂತ್ರ್ಯವನ್ನು ಬಳಸದೆ ಬಿಡುವುದು ನಷ್ಟ.

ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಹಾಡುತ್ತಿದ್ದ ಕಾಲದಲ್ಲಿ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷಗಳ ಹಾಡು ಮಾತ್ರ. ಮೇಣದ ಮೇಲೆ ಕೊರೆದ ಧ್ವನಿಯನ್ನು ನಡುವೆ ತಿದ್ದಲು ಬರುತ್ತಿರಲಿಲ್ಲವಾದ್ದರಿಂದ ತಪ್ಪಿದವರು ಮೊದಲಿನಿಂದಲೇ ಹಾಡಬೇಕಾಗುತ್ತಿತ್ತು. ಟೇಪು ಬಂದ ಮೇಲೆ ಅದನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುವ ಸಂಕಲನ ಸಾಧ್ಯವಾಯಿತು. ಅದೇ ಕೆಲಸಕ್ಕೆ ಇಂದು ರೀಪರ್‌ನಲ್ಲಿ ಎಸ್ ಕೀಲಿಯ ಒಂದು ಒತ್ತು ಸಾಕು. ಆದರೆ ಕತ್ತರಿಸುವುದು ಸುಲಭವಾದಷ್ಟೂ ಎಲ್ಲಿ ಕತ್ತರಿಸಬೇಕೆಂಬುದನ್ನು ಗುರುತಿಟ್ಟುಕೊಳ್ಳುವ ಹೊಣೆ ಹೆಚ್ಚುತ್ತದೆ.

ಈ ಹೊಣೆ ಎಷ್ಟು ದೊಡ್ಡದೆಂಬುದು ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಸ್ಪಷ್ಟವಾಗುತ್ತದೆ. ಗಂಡು ಹೆಚ್ಚೆಂದು ವಾದಿಸುವ ಹರದೇಶಿ ಮೇಳವೂ ಹೆಣ್ಣು ಹೆಚ್ಚೆಂದು ವಾದಿಸುವ ನಾಗೇಶಿ ಮೇಳವೂ ಸರದಿಯಂತೆ ಸವಾಲು–ಜವಾಬು ಹಾಡುತ್ತ ಗಂಟೆಗಟ್ಟಲೆ ಮುಂದುವರಿಯುವ ಈ ಪ್ರಕಾರದಲ್ಲಿ ಹಾಡು ಯಂತ್ರದ ತಾಳಕ್ಕೆ ಕಟ್ಟುಬೀಳುವುದಿಲ್ಲ, ಹಾಡುವವರನ್ನು ನಡುವೆ ನಿಲ್ಲಿಸಿ ಮತ್ತೊಮ್ಮೆ ಹಾಡಿಸಲೂ ಆಗದು. ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ರಂಗಗೀತೆಗಳದೂ ಇಂಥದೇ ಸ್ಥಿತಿ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಅದೇ ಪದ ಮತ್ತೆ ಬರುತ್ತದೆ, ಎರಡರಲ್ಲಿ ಯಾವುದು ಚೆನ್ನಾಗಿತ್ತೆಂಬುದನ್ನು ಆಮೇಲೆ ಹೋಲಿಸಿ ನೋಡಬೇಕಾಗುತ್ತದೆ. ಹೀಗಾಗಿ ಇಲ್ಲಿನ ಧ್ವನಿಮುದ್ರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಆಜ್ಞೆ ಮಾರ್ಕರ್, ಅಂದರೆ ಮುದ್ರಣ ನಡೆಯುತ್ತಿರುವಂತೆಯೇ ಆ ಕ್ಷಣಕ್ಕೆ ಹಾಕುವ ಗುರುತು.

ರೀಪರ್‌ನಲ್ಲಿ ಮಾರ್ಕರ್‌ಗೆ ಎಂ ಕೀಲಿಯನ್ನು ನಿಗದಿ ಮಾಡಲಾಗಿದೆ. ಕೀಲಿಮಣೆಯ ಅತಿದೊಡ್ಡ ಕೀಲಿಯಾದ ಸ್ಪೇಸ್ ಬಾರ್‌ಗಾದರೋ ಧ್ವನಿಯನ್ನು ನುಡಿಸುವ, ನಿಲ್ಲಿಸುವ ಕೆಲಸವಿದೆ. ಮುದ್ರಣದ ನಡುವೆ ಅದಕ್ಕೆ ಕೈ ತಾಗಿದರೆ ಮುದ್ರಣವೇ ನಿಂತುಹೋಗುತ್ತದೆ. ಇದಕ್ಕೆ ಪರಿಹಾರ ಆ ತಂತ್ರಾಂಶದಲ್ಲಿಯೇ ಇದೆ: ಅದರ ಆಜ್ಞೆಗಳ ಪಟ್ಟಿಯಲ್ಲಿ ಮುದ್ರಣ ನಡೆಯುವಾಗ ಮಾತ್ರ ಜಾರಿಗೆ ಬರುವ ಪ್ರತ್ಯೇಕ ವಿಭಾಗವೊಂದಿದ್ದು, ಅಲ್ಲಿ ಸ್ಪೇಸ್ ಬಾರ್‌ಗೆ ಮಾರ್ಕರ್ ಹಾಕುವ ಕೆಲಸವನ್ನು ವಹಿಸಬಹುದು. ನಿಲ್ಲಿಸುವ ಆಜ್ಞೆಯನ್ನು ಕಂಟ್ರೋಲ್ ಜೊತೆಗೆ ಇನ್ನೊಂದು ಕೀಲಿಯನ್ನೂ ಒತ್ತಿದಾಗ ಮಾತ್ರ ನಡೆಯುವಂತೆ ಮಾಡಿದರೆ, ಅಕಸ್ಮಾತ್ತಾಗಿ ತಾಗಿದ ಕೈ ಹಾಡನ್ನು ಕೆಡಿಸುವುದಿಲ್ಲ.

ಗುರುತಿಗೆ ಹೆಸರನ್ನೂ ಕೊಡಬಹುದು. ರೀಪರ್ ಲುವಾ ಎಂಬ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್‌ಗಳನ್ನು, ಅಂದರೆ ಬಳಸುವವರೇ ಬರೆದುಕೊಳ್ಳುವ ಸಣ್ಣ ಆದೇಶಗಳನ್ನು ನಡೆಸಬಲ್ಲದಾದ್ದರಿಂದ, ಹರದೇಶಿಯ ಸರದಿಗೆ ಎಚ್ ಕೀಲಿಯನ್ನೂ ನಾಗೇಶಿಯ ಸರದಿಗೆ ಎನ್ ಕೀಲಿಯನ್ನೂ ಜೋಡಿಸಿ, ಒತ್ತಿದೊಡನೆ ಆಯಾ ಮೇಳದ ಹೆಸರಿನ ಗುರುತು ಬೀಳುವಂತೆ ಮಾಡಲು ಸಾಧ್ಯ. ಈ ಎರಡು ಕೀಲಿಗಳು ಒಂದರ ಕೆಳಗೊಂದು ಇರುವುದರಿಂದ ಒಂದೇ ತೋರುಬೆರಳು ಎರಡನ್ನೂ ನೋಡಿಕೊಳ್ಳುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಹಕಾರ, ನಕಾರಗಳು ಇದೇ ಕೀಲಿಗಳಲ್ಲಿರುವುದರಿಂದ ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಇವನ್ನು ನೆನಪಿಡುವ ಶ್ರಮವೂ ಇಲ್ಲ. ಆದರೆ ಸಾಹಿತ್ಯವನ್ನು ಬೆರಳಚ್ಚು ಮಾಡಿದ ಮೇಲೆ ಕೀಲಿಮಣೆಯನ್ನು ಇಂಗ್ಲಿಷಿಗೆ ಮರಳಿಸುವುದನ್ನು ಮರೆಯಬಾರದು. ಮರೆತರೆ ಒಂದಕ್ಷರದ ಶಾರ್ಟ್‌ಕಟ್‌ಗಳು ಕೈಕೊಡುವ ಸಂಭವವಿದೆ.

ಉಚಿತವಾಗಿ ದೊರೆಯುವ ಆಡಾಸಿಟಿಯಲ್ಲಿ ಗುರುತಿಗೆ ಲೇಬಲ್ ಎಂದು ಹೆಸರು. ಧ್ವನಿ ಓಡುತ್ತಿರುವಾಗ ಅದನ್ನು ಹಾಕಲು ಕಂಟ್ರೋಲ್ ಮತ್ತು ಎಂ ಒತ್ತಬೇಕು. ಎರಡು ಕೀಲಿಗಳ ಈ ಆಜ್ಞೆಯನ್ನು ಆದ್ಯತೆಗಳ ಕಿಟಕಿಯ ಕೀಬೋರ್ಡ್ ಪುಟದಲ್ಲಿ ಒಂದೇ ಕೀಲಿಗೆ ಇಳಿಸಿಕೊಳ್ಳಬಹುದು.

ಕೀಲಿಗಳನ್ನು ಹಂಚುವಾಗ ಪಾಲಿಸಬೇಕಾದ ನಿಯಮಗಳು ಕೆಲವೇ. ಪದೇ ಪದೇ ಬೇಕಾಗುವ ಆಜ್ಞೆಗೆ ಒಂಟಿ ಕೀಲಿ, ಅಪರೂಪದ್ದಕ್ಕೆ ಜೋಡಿ ಕೀಲಿ ಇರಬೇಕು. ಅಳಿಸುವ ಆಜ್ಞೆಯು ಮುದ್ರಿಸುವ ಆಜ್ಞೆಯಿಂದ ದೂರವಿರಬೇಕು. ಹಿಂದಿನ ಸ್ಥಿತಿಗೆ ಮರಳಿಸುವ ಕಂಟ್ರೋಲ್–ಝಡ್ ಎಲ್ಲ ತಂತ್ರಾಂಶಗಳಲ್ಲಿಯೂ ಕೈಗೆ ರೂಢಿಯಾಗಿರುವುದರಿಂದ ಅದನ್ನು ಮುಟ್ಟಬಾರದು. ಹಾಡುವವರೂ ಮುದ್ರಿಸುವವರೂ ಒಂದೇ ಕೋಣೆಯಲ್ಲಿ ಕೂರುವ ಊರುಗಳಲ್ಲಿ ಕೀಲಿಯ ಟಕ್ ಸದ್ದು ಮೈಕಿಗೆ ಸೇರುವುದರಿಂದ, ಸದ್ದು ಕಡಿಮೆ ಮಾಡುವ ಕೀಲಿಮಣೆಯನ್ನು ಮೈಕಿನ ಬೆನ್ನ ಹಿಂದೆ ಇಟ್ಟುಕೊಳ್ಳುವುದು ಲೇಸು. ಸಿದ್ಧವಾದ ಜೋಡಣೆಯನ್ನು ಕಡತವಾಗಿ ಉಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ, ಬಾದಾಮಿಯಲ್ಲಿ ಮಾಡಿಕೊಂಡ ಜೋಡಣೆ ಇಳಕಲ್ಲಿನ ಕಂಪ್ಯೂಟರಿನಲ್ಲಿಯೂ ಕೆಲಸಕ್ಕೆ ಬರುತ್ತದೆ.

ನೂರು ಶಾರ್ಟ್‌ಕಟ್‌ಗಳನ್ನು ಕಲಿಯುವ ಅಗತ್ಯ ಯಾರಿಗೂ ಇಲ್ಲ. ಮುದ್ರಿಸು, ನಿಲ್ಲಿಸು, ಗುರುತು ಹಾಕು, ಕತ್ತರಿಸು, ಹಿಂದಕ್ಕೆ ಮರಳು ಎಂಬ ಐದನ್ನು ತಮ್ಮ ಕೈಗೂ ತಮ್ಮ ಊರಿನ ಹಾಡಿಗೂ ಒಪ್ಪುವಂತೆ ಜೋಡಿಸಿಕೊಂಡು, ಕಲಾವಿದರನ್ನು ಕರೆಯುವ ಮೊದಲೇ ಅವು ಬೆರಳಿಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಬೇಕು. ಪರದೆಯ ಮೇಲಿನ ಮೆನುಗಳನ್ನು ಹುಡುಕುವುದರಲ್ಲಿ ಕಳೆಯುವ ಗಮನವೆಲ್ಲ ಹಾಡಿಕೆಗೆ ಸಲ್ಲಬೇಕಾದದ್ದು.